ಅಮೆರಿಕದ ಕಾಲೇಜಿನ ನೆರವಿನ ಪತ್ರ: ಕ್ಯಾಂಪಸ್ ಕೆಲಸದ ಹಣವನ್ನು ಫೀಸಿನಲ್ಲಿ ಕಳೆಯಬಹುದೇ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನವರು. ನಾಲ್ಕು ಎಕರೆ ಅಡಿಕೆ ತೋಟವಿದೆ, ಪತ್ನಿ ಶಾಲಾ ಶಿಕ್ಷಕಿ. ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದು, ಅಮೆರಿಕದ ಎರಡು ಕಡೆ ಪದವಿಗೆ ಸೀಟು ಸಿಕ್ಕಿದೆ. ಒಂದು ಖಾಸಗಿ ಕಾಲೇಜು; ಅಲ್ಲಿ ವರ್ಷದ ಒಟ್ಟು ವೆಚ್ಚ 82,000 ಡಾಲರ್ ಎಂದು ಬರೆದು, ಗ್ರಾಂಟ್ 58,000, ಕ್ಯಾಂಪಸ್ ಕೆಲಸ 2,800, ಕುಟುಂಬದ ಪಾಲು 21,200 ಎಂದು ತೋರಿಸಿದ್ದಾರೆ. ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ. ಒಟ್ಟು ವೆಚ್ಚ 48,000, ಅಂಕಗಳ ಮೇಲೆ ವರ್ಷಕ್ಕೆ 12,000 ಡಾಲರ್ ಸ್ಕಾಲರ್‌ಶಿಪ್. ವಾರಕ್ಕೆ 20 ಗಂಟೆ ಕೆಲಸ ಮಾಡಿ ಹಾಸ್ಟೆಲ್ ಖರ್ಚನ್ನು ತಾನೇ ತೂಗಿಸುತ್ತೇನೆ ಎಂದು ಮಗಳು ಹೇಳುತ್ತಾಳೆ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ನನ್ನ ಅಣ್ಣನ ಮಗನಿಗೆ ಸರ್ಕಾರವೇ ಗ್ರಾಂಟನ್ನೂ ಓದುತ್ತಲೇ ದುಡಿಯುವ ವರ್ಕ್-ಸ್ಟಡಿ ಕೆಲಸವನ್ನೂ ಕೊಟ್ಟಿದೆ. ಅದು ನಮ್ಮ ಮಗಳಿಗೂ ಸಿಗುವುದಿಲ್ಲವೇ? ಯಾವ ಕಾಲೇಜನ್ನು ಆರಿಸಿಕೊಳ್ಳಬೇಕು?

ಉತ್ತರ: ಮುಖ್ಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಪತ್ರದಲ್ಲಿರುವ ಕ್ಯಾಂಪಸ್ ಕೆಲಸದ 2,800 ಡಾಲರನ್ನು ಕಾಲೇಜು ನಿಮ್ಮ ಮಗಳಿಗೆ ಕೊಡುತ್ತಿರುವ ಹಣವೆಂದು ದಯವಿಟ್ಟು ಎಣಿಸಬೇಡಿ. ಆಕೆ ಕೆಲಸ ಹುಡುಕಿಕೊಂಡರೆ, ದುಡಿದಷ್ಟು ಗಂಟೆಗೆ, ದುಡಿದಾದ ಮೇಲೆ ಕೈಗೆ ಬರುವ ಸಂಬಳ ಅದು. ಗ್ರಾಂಟ್ ಹಾಗಲ್ಲ. ಅದನ್ನು ಕಾಲೇಜು ನೇರವಾಗಿ ಬಿಲ್ಲಿನಲ್ಲಿ ಕಳೆಯುತ್ತದೆ ಮತ್ತು ಅದನ್ನು ತೀರಿಸಬೇಕಾಗಿಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದು ಒಟ್ಟು ನೆರವು ಎಂದು ಕೂಡಿಸುವ ಪದ್ಧತಿಯಿಂದ ಅನೇಕ ಕುಟುಂಬಗಳು ಆಗಸ್ಟ್ ತಿಂಗಳ ಮೊದಲ ಬಿಲ್ಲು ಬಂದಾಗ ಗಾಬರಿಗೊಳ್ಳುತ್ತವೆ. ಆ ಬಿಲ್ಲಿನಲ್ಲಿ ಕೆಲಸದ ಹಣ ಕಳೆದಿರುವುದಿಲ್ಲ, ಏಕೆಂದರೆ ಅದನ್ನು ಇನ್ನೂ ಯಾರೂ ದುಡಿದಿರುವುದಿಲ್ಲ.

ಖಾಸಗಿ ಕಾಲೇಜಿನ ಪತ್ರವನ್ನೇ ಬಿಡಿಸಿ ನೋಡೋಣ. ಒಟ್ಟು ವೆಚ್ಚವೆಂದು ಬರೆದ 82,000 ಡಾಲರಿನಲ್ಲಿ ಎರಡು ಬಗೆಯ ಖರ್ಚುಗಳು ಸೇರಿರುತ್ತವೆ. ಬೋಧನಾ ಶುಲ್ಕ, ಹಾಸ್ಟೆಲ್ ಮತ್ತು ಊಟ ಕಾಲೇಜಿಗೇ ಕಟ್ಟುವಂಥವು. ಪುಸ್ತಕ, ಪ್ರಯಾಣ, ಫೋನು, ಚಳಿಗಾಲದ ಬಟ್ಟೆ ಇವೆಲ್ಲ ಕಾಲೇಜು ಅಂದಾಜು ಮಾಡಿ ಬರೆದಿರುವ, ಆದರೆ ಬಿಲ್ಲಿನಲ್ಲಿ ಬಾರದ ಖರ್ಚುಗಳು. ಉದಾಹರಣೆಗೆ ಶುಲ್ಕ 61,000, ಹಾಸ್ಟೆಲ್ ಮತ್ತು ಊಟ 17,000, ಉಳಿದ ಕೈಖರ್ಚು 4,000 ಎಂದಿಟ್ಟುಕೊಳ್ಳಿ. ಕಾಲೇಜಿನ ಬಿಲ್ಲು 78,000 ಆಗುತ್ತದೆ. ಗ್ರಾಂಟ್ ಕಳೆದರೆ ನೀವು ಕಟ್ಟಬೇಕಾದದ್ದು 20,000, ಅದರಲ್ಲಿ ಅರ್ಧ ಆಗಸ್ಟ್‌ನಲ್ಲಿ, ಇನ್ನರ್ಧ ಜನವರಿಯ ಹೊತ್ತಿಗೆ. ಮಗಳ ದುಡಿಮೆ ಆ 4,000 ಡಾಲರ್ ಕೈಖರ್ಚಿನ ಬಹುಪಾಲನ್ನು ತಿಂಗಳು ತಿಂಗಳು ತುಂಬಿಕೊಡುತ್ತದೆ. ಗಂಟೆಗೆ 14 ಡಾಲರ್ ಸಿಕ್ಕರೆ 2,800 ಡಾಲರ್ ಗಳಿಸಲು 200 ಗಂಟೆ ಬೇಕು. ಎರಡು ಸೆಮಿಸ್ಟರುಗಳ ಸುಮಾರು 28 ಪಾಠದ ವಾರಗಳಲ್ಲಿ ಹಂಚಿದರೆ ವಾರಕ್ಕೆ ಏಳು ಗಂಟೆ. ಹೊಸ ಊರಿಗೆ ಹೋದ ಮೊದಲ ವರ್ಷದ ವಿದ್ಯಾರ್ಥಿನಿ ಓದಿಗೆ ತೊಂದರೆಯಾಗದಂತೆ ಮಾಡಬಹುದಾದಷ್ಟೇ ಕೆಲಸ ಇದು.

ಸರ್ಕಾರಿ ವಿಶ್ವವಿದ್ಯಾಲಯದ ಲೆಕ್ಕ ಹೀಗಿಲ್ಲ. ಸ್ಕಾಲರ್‌ಶಿಪ್ ಕಳೆದ ಮೇಲೆ 36,000 ಡಾಲರ್ ಉಳಿಯುತ್ತದೆ. ಮಗಳು ಹೇಳುವಂತೆ ವಾರಕ್ಕೆ ಪೂರ್ತಿ 20 ಗಂಟೆ, ಗಂಟೆಗೆ 12 ಡಾಲರಿನಂತೆ, ಆ 28 ಪಾಠದ ವಾರಗಳಲ್ಲಿ ಒಂದೂ ತಪ್ಪದೆ ದುಡಿದರೂ ವರ್ಷಕ್ಕೆ 6,720 ಡಾಲರ್ ಆಗುತ್ತದೆ. ಹಾಸ್ಟೆಲ್ಲಿನ ಖರ್ಚಿನ ಅರ್ಧಕ್ಕೂ ಇದು ಸಾಲುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, 20 ಗಂಟೆ ಎಂಬುದು ಕಾನೂನು ಹಾಕಿದ ಗರಿಷ್ಠ ಮಿತಿಯೇ ಹೊರತು ಅಷ್ಟು ಕೆಲಸ ಕೊಡುತ್ತೇವೆಂದು ಯಾರೂ ಭರವಸೆ ಕೊಟ್ಟಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಮೊದಲ ಸೆಮಿಸ್ಟರಿನಲ್ಲಿ ಎಂಟು, ಹತ್ತು ಗಂಟೆಯ ಕೆಲಸ ಸಿಕ್ಕರೂ ಅದು ಒಳ್ಳೆಯದೇ. ಹೀಗಾಗಿ ಕೆಲಸದ ಹಣವನ್ನು ಎರಡೂ ಕಡೆ ಬದಿಗಿಟ್ಟು ಹೋಲಿಸಿ: ಒಂದು ಕಡೆ ಬಿಲ್ಲಿನ 20,000 ಮತ್ತು ಕೈಖರ್ಚಿನ 4,000 ಸೇರಿ ವರ್ಷಕ್ಕೆ 24,000, ಇನ್ನೊಂದು ಕಡೆ 36,000. ಮೇಲುನೋಟಕ್ಕೆ ದುಬಾರಿಯಾಗಿ ಕಾಣುವ ಕಾಲೇಜೇ ವರ್ಷಕ್ಕೆ 12,000 ಡಾಲರ್ ಅಗ್ಗ.

ಇನ್ನು ನಿಮ್ಮ ಅಣ್ಣನ ಮಗನ ವಿಷಯ. ಅವನು ಅಮೆರಿಕದ ಪ್ರಜೆಯಾದ್ದರಿಂದ ಫಾಫ್ಸಾ ಎಂದು ಕರೆಯುವ ಕೇಂದ್ರ ಸರ್ಕಾರದ ಉಚಿತ ಅರ್ಜಿಯನ್ನು ತುಂಬಬಹುದು. ಅದರ ಆಧಾರದ ಮೇಲೆ ಸರ್ಕಾರ ಕುಟುಂಬದ ಶಕ್ತಿಯನ್ನು ಸ್ಟೂಡೆಂಟ್ ಏಡ್ ಇಂಡೆಕ್ಸ್ ಎಂಬ ಒಂದು ಸಂಖ್ಯೆಯಾಗಿ ಲೆಕ್ಕ ಹಾಕುತ್ತದೆ. ಕಡಿಮೆ ಆದಾಯದ ಕುಟುಂಬಕ್ಕೆ ಇದು ಸೊನ್ನೆಗಿಂತ ಕೆಳಗೆ, ಮೈನಸ್ 1,500ರವರೆಗೂ ಇಳಿಯುತ್ತದೆ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಸಿಗುವುದು ಇದರ ಮೇಲೆ, 2025-26ರ ಸಾಲಿಗೆ ಅದರ ಗರಿಷ್ಠ ಮೊತ್ತ 7,395 ಡಾಲರ್. ಸರ್ಕಾರದ ಸಾಲವೂ ವರ್ಕ್-ಸ್ಟಡಿಯೂ ಇದೇ ಅರ್ಜಿಯ ಮೂಲಕ ಬರುತ್ತವೆ. ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಮತ್ತು ನಿರಾಶ್ರಿತರಂಥ ಕೆಲವು ವರ್ಗದವರು ಮಾತ್ರ ಇದಕ್ಕೆ ಅರ್ಹರು. ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಹೋಗುವ ನಿಮ್ಮ ಮಗಳಿಗೆ ಇದರಲ್ಲಿ ಯಾವುದೂ ಅನ್ವಯಿಸುವುದಿಲ್ಲ. ಆಕೆಗೆ ಸಿಕ್ಕಿರುವ 58,000 ಡಾಲರ್ ಆ ಕಾಲೇಜಿನ ಸ್ವಂತ ನಿಧಿಯ ಹಣ.

ವರ್ಕ್-ಸ್ಟಡಿ ಯೋಜನೆಯ ಹಿನ್ನೆಲೆಯನ್ನು ತಿಳಿದರೆ ಕೆಲಸದ ಮಾರುಕಟ್ಟೆಯೂ ಅರ್ಥವಾಗುತ್ತದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಬಡತನ ನಿರ್ಮೂಲನಾ ಕಾರ್ಯಕ್ರಮದ ಭಾಗವಾಗಿ 1964ರ ಕಾಯ್ದೆಯಲ್ಲಿ ಇದು ಆರಂಭವಾಯಿತು. ಜಾನ್ಸನ್ ಸ್ವತಃ ಟೆಕ್ಸಸ್‌ನ ಸ್ಯಾನ್ ಮಾರ್ಕೋಸ್‌ನ ಶಿಕ್ಷಕರ ಕಾಲೇಜಿನಲ್ಲಿ ಕಸ ಗುಡಿಸುವಂಥ ಕೆಲಸಗಳನ್ನು ಮಾಡಿಕೊಂಡು ಓದಿದವರು. 1965ರ ಉನ್ನತ ಶಿಕ್ಷಣ ಕಾಯ್ದೆಗೆ ಅವರು ಸಹಿ ಹಾಕಿದ್ದೂ ಅದೇ ಕಾಲೇಜಿನಲ್ಲಿ. ನಮ್ಮಲ್ಲಿ ವಾರಾನ್ನದ ಮನೆಗಳೂ ಮಠಗಳ ಉಚಿತ ಹಾಸ್ಟೆಲ್ಲುಗಳೂ ಬಡ ಮಕ್ಕಳನ್ನು ಓದಿಸಿದವು. ಅಲ್ಲಿ ಆ ಜವಾಬ್ದಾರಿಯ ಒಂದು ಭಾಗವನ್ನು ಸಂಬಳದ ರೂಪದಲ್ಲಿ ಸರ್ಕಾರ ಹೊತ್ತುಕೊಂಡಿತು. ಈ ಯೋಜನೆಯಲ್ಲಿ ವಿದ್ಯಾರ್ಥಿಯ ಸಂಬಳದ ಶೇ 75ರವರೆಗೆ ಸಾಮಾನ್ಯವಾಗಿ ಕೇಂದ್ರ ಸರ್ಕಾರವೇ ಭರಿಸುತ್ತದೆ, ಉಳಿದದ್ದನ್ನು ಕಾಲೇಜು ಕೊಡುತ್ತದೆ. ಹಾಗಾಗಿ ವರ್ಕ್-ಸ್ಟಡಿ ಇರುವ ವಿದ್ಯಾರ್ಥಿಯನ್ನು ತೆಗೆದುಕೊಂಡರೆ ವಿಭಾಗಕ್ಕೆ ಕಾಲು ಭಾಗದ ಖರ್ಚು ಮಾತ್ರ, ನಿಮ್ಮ ಮಗಳನ್ನು ತೆಗೆದುಕೊಂಡರೆ ಪೂರ್ತಿ ಸಂಬಳದ ಖರ್ಚು. ಎಷ್ಟೋ ಹುದ್ದೆಗಳ ಪ್ರಕಟಣೆಯಲ್ಲಿ ವರ್ಕ್-ಸ್ಟಡಿ ಇರುವವರಿಗೆ ಮಾತ್ರ ಎಂದು ಬರೆದಿರುತ್ತದೆ. ವಿದೇಶಿ ವಿದ್ಯಾರ್ಥಿಗಳು ಉಳಿದ ಹುದ್ದೆಗಳಿಗಾಗಿ ಪೈಪೋಟಿ ನಡೆಸಬೇಕು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ಪೈಪೋಟಿ ಸಾಕಷ್ಟು ಜೋರಾಗಿರುತ್ತದೆ. ನಿಮ್ಮ ಮಗಳ ಖಾಸಗಿ ಕಾಲೇಜು ಕೆಲಸವನ್ನು ಪತ್ರದಲ್ಲೇ ಬರೆದುಕೊಟ್ಟಿರುವುದರ ನಿಜವಾದ ಬೆಲೆ ಇರುವುದು ಇಲ್ಲಿ: ಆ ಕಾಲೇಜು ವಿದೇಶಿ ವಿದ್ಯಾರ್ಥಿಗಳ ಸಂಬಳಕ್ಕೂ ಸ್ವಂತ ಹಣ ಎತ್ತಿಟ್ಟಿರುವ ಸಾಧ್ಯತೆ ಇದೆ. ಇದನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಅಮೆರಿಕದಲ್ಲೇ ಇರುವ ಕನ್ನಡದ ಕುಟುಂಬಗಳಿಗಾಗಿ ಒಂದು ಮಾತು ಸೇರಿಸುತ್ತೇನೆ. ತಂದೆ ತಾಯಿ ಉದ್ಯೋಗದ ಎಚ್-1ಬಿ ವೀಸಾದಲ್ಲಿದ್ದು ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವಾಗ, ಇಲ್ಲಿಂದ ಚಿಕ್ಕ ವಯಸ್ಸಿನಲ್ಲಿ ಹೋದ ಮಗು ಅವಲಂಬಿತರ ಎಚ್-4 ವೀಸಾದಲ್ಲಿ, ಅಲ್ಲೇ ಹುಟ್ಟಿದ ತಮ್ಮನೋ ತಂಗಿಯೋ ಪ್ರಜೆಯಾಗಿ, ಒಂದೇ ಮನೆಯಲ್ಲಿ ಇರುತ್ತಾರೆ. ಪ್ರಜೆಯಾದ ಮಗುವಿಗೆ ತಂದೆ ತಾಯಿಯ ವೀಸಾ ಯಾವುದೇ ಇರಲಿ ಫಾಫ್ಸಾ ಅರ್ಹತೆ ಇದೆ. ಎಚ್-4ರಲ್ಲಿರುವ ಮಗುವಿಗೆ ಆ ಅರ್ಹತೆಯೂ ಇಲ್ಲ, ಕ್ಯಾಂಪಸ್ಸಿನೊಳಗೆ ಸಂಬಳದ ಕೆಲಸ ಮಾಡುವ ಹಕ್ಕೂ ಇಲ್ಲ. ಎಫ್-1ಗೆ ಬದಲಾಯಿಸಿಕೊಂಡರೆ ಕ್ಯಾಂಪಸ್ ಕೆಲಸ ಸಾಧ್ಯ, ಆದರೆ ಕೆಲವು ರಾಜ್ಯಗಳಲ್ಲಿ ಸ್ಥಳೀಯರ ದರದ ಶುಲ್ಕ ಕೈತಪ್ಪಬಹುದು. ಮಗು ಹನ್ನೊಂದನೇ ತರಗತಿಯಲ್ಲಿರುವಾಗಲೇ ಈ ಎರಡನ್ನೂ ತೂಗಿ ನೋಡಬೇಕು.

ಎಫ್-1 ವೀಸಾದ ಕೆಲಸದ ನಿಯಮಗಳು ಕಟ್ಟುನಿಟ್ಟಾದವು, ಆದರೆ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಪಾಠಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ಣಾವಧಿ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿ 20 ಗಂಟೆ ಮೀರಬಾರದು. ಒಂದು ವಾರ 15, ಮುಂದಿನ ವಾರ 25 ಎಂದು ಸರಿದೂಗಿಸುವಂತೆಯೂ ಇಲ್ಲ. ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಪುಸ್ತಕದಂಗಡಿಯನ್ನೋ ಊಟದ ಹಾಲನ್ನೋ ನಡೆಸುವ ಖಾಸಗಿ ಗುತ್ತಿಗೆದಾರರ ಬಳಿ ಕೆಲಸ ಮಾಡಬಹುದು. ಅದೇ ಕ್ಯಾಂಪಸ್ಸಿನಲ್ಲಿ ಕಟ್ಟಡ ಕಟ್ಟುತ್ತಿರುವ ಕಂಪನಿಯಲ್ಲಿ ಮಾಡುವಂತಿಲ್ಲ. ಹೊರಗಿನ ಕೆಲಸ ಮೊದಲ ಶೈಕ್ಷಣಿಕ ವರ್ಷದಲ್ಲಿ ಇಲ್ಲವೇ ಇಲ್ಲ, ಆಮೇಲೂ ಓದಿಗೆ ಸಂಬಂಧಿಸಿದ ತರಬೇತಿ ಅಥವಾ ಅನಿರೀಕ್ಷಿತ ಆರ್ಥಿಕ ಸಂಕಟದಂಥ ಕಾರಣಕ್ಕೆ ಮುಂಚಿತವಾಗಿ ಅನುಮತಿ ಪಡೆದೇ ಮಾಡಬೇಕು.

ಮಗಳಿಗೆ ಇದನ್ನು ಬಹಳ ಸ್ಪಷ್ಟವಾಗಿ ಹೇಳಿ ಕಳುಹಿಸಿ. ಪರಿಚಯದವರ ಹೋಟೆಲ್ಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೈಗೆ ನಗದು ಕೊಡುತ್ತಾರೆ ಎಂದು ಯಾರಾದರೂ ಕರೆಯುತ್ತಾರೆ, ಕರೆಯುವವರು ಬಹುಪಾಲು ಒಳ್ಳೆಯ ಮನಸ್ಸಿನಿಂದಲೇ ಕರೆಯುತ್ತಾರೆ. ಆದರೆ ಅನುಮತಿಯಿಲ್ಲದೆ ಮಾಡಿದ ಒಂದು ದಿನದ ಕೆಲಸವೂ ವೀಸಾ ಸ್ಥಿತಿಯ ಉಲ್ಲಂಘನೆ. ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಲ್ಲಿನ ಸರ್ಕಾರ ಇಡುವ ಸೆವಿಸ್ ದಾಖಲೆ ರದ್ದಾದರೆ ಅರ್ಧಕ್ಕೆ ಓದು ಬಿಟ್ಟು ವಾಪಸಾಗಬೇಕಾಗಬಹುದು, ಮುಂದೆ ಯಾವ ವೀಸಾ ಕೇಳಿದರೂ ಆ ಪ್ರಶ್ನೆ ಎದುರಾಗುತ್ತದೆ. ಆಹಾರ ತಲುಪಿಸುವ ಆ್ಯಪ್‌ಗಳ ಕೆಲಸಕ್ಕೂ ಇದೇ ನಿಯಮ. ಹಣದ ಒತ್ತಡವಿರುವ ಮಕ್ಕಳೇ ಈ ಬಲೆಗೆ ಬೀಳುವುದು. ಆದ್ದರಿಂದಲೇ ದುಡಿಮೆಯನ್ನು ನಂಬಿ ಬಿಲ್ಲು ಕಟ್ಟುವ ಯೋಜನೆ ಹಾಕಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೆಲಸ ಸಿಕ್ಕಿದ ಮೇಲೆ ನಡೆಯುವುದು ಹೀಗೆ. ಗ್ರಂಥಾಲಯದ ಕೌಂಟರು, ಊಟದ ಹಾಲು, ಅಂಚೆ ಕೋಣೆ, ಜಿಮ್ಮಿನ ಮುಂಭಾಗದ ಮೇಜು, ಕಂಪ್ಯೂಟರ್ ಸಹಾಯ ಕೇಂದ್ರ ಇವು ಮೊದಲ ವರ್ಷದವರಿಗೆ ಸಿಗುವ ಸಾಮಾನ್ಯ ಕೆಲಸಗಳು. ಕೆಳತರಗತಿಯವರಿಗೆ ಪಾಠ ಹೇಳಿಕೊಡುವುದು, ಪ್ರಾಧ್ಯಾಪಕರ ಸಂಶೋಧನೆಯಲ್ಲಿ ನೆರವಾಗುವುದು ಎರಡನೇ ವರ್ಷದಿಂದ ಸುಲಭವಾಗುತ್ತವೆ. ನೇಮಕದ ಪತ್ರವನ್ನೂ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಪತ್ರವನ್ನೂ ಹಿಡಿದು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ, ಸಂಬಳ ಮತ್ತು ತೆರಿಗೆಯ ಲೆಕ್ಕಕ್ಕೆ ಬೇಕಾದ ಗುರುತಿನ ಸಂಖ್ಯೆಗೆ ಅರ್ಜಿ ಹಾಕಬೇಕು. ಬರೀ ಓದಲು ಬಂದಿದ್ದೇನೆ ಎಂದರೆ ಆ ಸಂಖ್ಯೆ ಕೊಡುವುದಿಲ್ಲ, ಕೆಲಸ ಸಿಕ್ಕಿರಲೇಬೇಕು. ದುಡಿದ ಗಂಟೆಗಳನ್ನು ಆಕೆ ಆನ್‌ಲೈನ್ ಹಾಳೆಯಲ್ಲಿ ತುಂಬುತ್ತಾಳೆ, ಮೇಲ್ವಿಚಾರಕರು ಒಪ್ಪಿಗೆ ಕೊಡುತ್ತಾರೆ, ಹೆಚ್ಚಿನ ಕಡೆ ಎರಡು ವಾರಕ್ಕೊಮ್ಮೆ ಸಂಬಳ ಬ್ಯಾಂಕಿಗೆ ಬರುತ್ತದೆ. ಇವೆಲ್ಲ ಮುಗಿದು ಮೊದಲ ಸಂಬಳ ಕೈಸೇರುವ ಹೊತ್ತಿಗೆ ಸೆಪ್ಟೆಂಬರ್ ಕೊನೆಯೋ ಅಕ್ಟೋಬರೋ ಆಗಿರುತ್ತದೆ. ಅಲ್ಲಿಯವರೆಗಿನ ಕೈಖರ್ಚನ್ನು ಇಲ್ಲಿಂದಲೇ ಕೊಟ್ಟು ಕಳುಹಿಸಬೇಕು.

ಮೊದಲ ಸಂಬಳದ ಚೀಟಿಯನ್ನು ಆಕೆ ಗಮನವಿಟ್ಟು ಓದಲಿ. ಎಫ್-1 ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅಲ್ಲಿನ ಪಿಂಚಣಿಗೂ ಹಿರಿಯರ ಆರೋಗ್ಯ ವಿಮೆಗೂ ಹಿಡಿಯುವ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ, ಅಂದರೆ ಸಂಬಳದ ಶೇ 7.65, ಕಟ್ಟಬೇಕಾಗಿಲ್ಲ. ತಪ್ಪಿ ಕಡಿತವಾಗಿದ್ದರೆ ಸಂಬಳ ವಿಭಾಗವನ್ನು ಕೇಳಿ ವಾಪಸ್ ಪಡೆಯಬಹುದು. ಭಾರತದ ವಿದ್ಯಾರ್ಥಿಗಳಿಗೆ ಇನ್ನೊಂದು ಅನುಕೂಲವಿದೆ, ಇದು ಬಹಳ ದೇಶಗಳವರಿಗೆ ಇಲ್ಲ: ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಅಲ್ಲಿನ ನಿವಾಸಿಗಳಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆಗೆ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ, ನಮ್ಮ ವಿದ್ಯಾರ್ಥಿಗಳಿಗೂ ಸಿಗುತ್ತದೆ. 2025ರ ಆದಾಯಕ್ಕೆ ಅದು 15,750 ಡಾಲರ್. 2,800 ಡಾಲರ್ ದುಡಿಮೆಗೆ ಕೇಂದ್ರ ಆದಾಯ ತೆರಿಗೆಯೇ ಬರುವುದಿಲ್ಲ. ಆದರೂ ಪ್ರತಿ ವರ್ಷ ರಿಟರ್ನ್ ಸಲ್ಲಿಸಬೇಕು, 8843 ಎಂಬ ನಮೂನೆಯನ್ನಂತೂ ದುಡಿಮೆ ಇಲ್ಲದಿದ್ದರೂ ಕಳುಹಿಸಬೇಕು. ಗ್ರಾಂಟಿನಲ್ಲಿ ಬೋಧನಾ ಶುಲ್ಕವನ್ನು ಮೀರಿ ಹಾಸ್ಟೆಲ್, ಊಟಕ್ಕೆ ಸಲ್ಲುವ ಭಾಗವಿದ್ದರೆ ಅದು ಆದಾಯವೆಂದು ಪರಿಗಣಿತವಾಗಿ, ಕಾಲೇಜು ಶೇ 14 ಮುಂಗಡ ತೆರಿಗೆ ಹಿಡಿಯುವುದುಂಟು. ನಾನು ಮೇಲೆ ಕೊಟ್ಟ ಉದಾಹರಣೆಯಲ್ಲಿ 58,000 ಗ್ರಾಂಟ್ 61,000 ಶುಲ್ಕದೊಳಗೇ ಇರುವುದರಿಂದ ಆ ಪ್ರಶ್ನೆ ಬರುವುದಿಲ್ಲ. ನಿಮ್ಮ ಪತ್ರದ ಅಂಕಿಗಳನ್ನು ಹಾಕಿ ನೋಡಿಕೊಳ್ಳಿ.

ಗ್ರಾಂಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾರೆಯೇ ಎಂಬುದನ್ನು ಪ್ರವೇಶದ ತೀರ್ಮಾನದಲ್ಲಿ ಗಣಿಸದೆ, ಸೇರಿಸಿಕೊಂಡ ಮೇಲೆ ಕೊರತೆಯನ್ನೆಲ್ಲ ತುಂಬಿಕೊಡುವ ಕಾಲೇಜುಗಳು ಬಹಳ ಕಡಿಮೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಇವು ಅಂಥವು. ಉಳಿದ ಹೆಚ್ಚಿನ ಕಡೆ ನೆರವು ಕೇಳಿದವರ ಸ್ಪರ್ಧೆ ಹೆಚ್ಚು ಕಠಿಣ. ಆ ಸ್ಪರ್ಧೆಯಲ್ಲಿ ನಿಮ್ಮ ಮಗಳು 58,000 ಡಾಲರ್ ಪಡೆದಿರುವುದು ಸಣ್ಣ ಸಾಧನೆಯಲ್ಲ. ಇಂಥ ನೆರವು ಮುಂದಿನ ವರ್ಷಗಳಲ್ಲೂ ಸಿಗಬೇಕಾದರೆ ಬಹಳ ಕಾಲೇಜುಗಳಲ್ಲಿ ಪ್ರತಿ ವರ್ಷ ಕುಟುಂಬದ ಆದಾಯ, ಆಸ್ತಿಯ ವಿವರ ಕೇಳುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ಅಥವಾ ಕಾಲೇಜಿನದೇ ನಮೂನೆಯನ್ನು ಮತ್ತೆ ತುಂಬಬೇಕಾಗುತ್ತದೆ. ಪತ್ನಿಯವರ ಆದಾಯಕ್ಕೆ ಫಾರ್ಮ್ 16 ಇದೆ, ಅದು ಸುಲಭ. ತೋಟದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವಾದ್ದರಿಂದ ರಿಟರ್ನ್ ತೋರಿಸಲಾಗದು. ಮಂಡಿಯ ಅಥವಾ ಸೊಸೈಟಿಯ ಪಟ್ಟಿಗಳು, ಪಹಣಿ, ತಹಶೀಲ್ದಾರರ ಆದಾಯ ಪ್ರಮಾಣ ಪತ್ರ, ಕೂಲಿ ಮತ್ತು ಔಷಧಿ ಸಿಂಪರಣೆಯ ಖರ್ಚಿನ ಒಂದು ಪುಟದ ಲೆಕ್ಕ, ಇವನ್ನು ಇಂಗ್ಲಿಷ್ ಅನುವಾದದೊಂದಿಗೆ ಜೋಡಿಸಿಡಿ. ನಾಲ್ಕು ಎಕರೆ ತೋಟದ ಮಾರುಕಟ್ಟೆ ಬೆಲೆಯನ್ನು ಆಸ್ತಿಯ ಕಾಲಂನಲ್ಲಿ ಬರೆದು ಸುಮ್ಮನಾದರೆ ದೂರದಲ್ಲಿ ಕುಳಿತ ಅಧಿಕಾರಿಗೆ ನೀವು ಶ್ರೀಮಂತರಂತೆ ಕಾಣುತ್ತೀರಿ. ಅದು ಮಾರಲು ಇಟ್ಟ ನಿವೇಶನವಲ್ಲ, ಮನೆಯ ಜೀವನಾಧಾರ ಎಂಬುದನ್ನು ವಿವರಣೆಯ ಜಾಗದಲ್ಲಿ ಬರೆಯಬೇಕು. ಕೊಳೆ ರೋಗದಿಂದಲೋ ಎಲೆಚುಕ್ಕಿ ರೋಗದಿಂದಲೋ ಈ ವರ್ಷ ಫಸಲು ಕಡಿಮೆಯಾಗಿದ್ದರೆ, ಹಿಂದಿನ ಮತ್ತು ಈ ವರ್ಷದ ಪಟ್ಟಿಗಳನ್ನು ಜೊತೆಗಿಟ್ಟು ನೆರವನ್ನು ಮರುಪರಿಶೀಲಿಸಲು ಈಗಲೇ ವಿನಯದಿಂದ ಕೇಳಬಹುದು. ಕೇಳಿದ್ದಕ್ಕೆ ಸೀಟು ಹೋಗುವುದಿಲ್ಲ.

ಸರ್ಕಾರಿ ವಿಶ್ವವಿದ್ಯಾಲಯದ 12,000 ಡಾಲರ್ ಅಂಕಗಳ ಮೇಲೆ ಕೊಟ್ಟದ್ದು. ಇಂಥ ಸ್ಕಾಲರ್‌ಶಿಪ್ಪಿನ ಮೊತ್ತ ಸಾಮಾನ್ಯವಾಗಿ ನಾಲ್ಕು ವರ್ಷವೂ ಅಷ್ಟೇ ಇರುತ್ತದೆ, ಶುಲ್ಕ ಮಾತ್ರ ಏರುತ್ತದೆ, ಮತ್ತು ನಿಗದಿಪಡಿಸಿದ ಸರಾಸರಿ ಅಂಕ ಕಾಯ್ದುಕೊಳ್ಳದಿದ್ದರೆ ನಿಂತುಹೋಗುತ್ತದೆ. ವಾರಕ್ಕೆ 20 ಗಂಟೆ ದುಡಿಯುವ ಹುಡುಗಿ ಆ ಸರಾಸರಿಯನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ.

ಬ್ಯಾಂಕ್ ಸಾಲ ಮಾಡುವುದಾದರೆ ಗಮನಿಸಬೇಕಾದ ಸಂಗತಿ ಒಂದಿದೆ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುತ್ತವೆ, ಮತ್ತು ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದ ಕಾರಣ ತೋಟವನ್ನು ಭದ್ರತೆಯಾಗಿ ಒಪ್ಪಲು ಹಿಂಜರಿಯುತ್ತವೆ. ಮನೆಯೋ ನಿವೇಶನವೋ ಇದ್ದರೆ ಅದರ ದಾಖಲೆಗಳನ್ನು ಈಗಲೇ ಸರಿಪಡಿಸಿಕೊಳ್ಳಿ. ಮಾನ್ಯತೆ ಪಡೆದ ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಹಣ ಕಳುಹಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ, ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಮಾತ್ರ ಕಡಿತವಾಗುತ್ತದೆ. ವೀಸಾ ಸಂದರ್ಶನದಲ್ಲಿ ಖರ್ಚು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರೆ ಮಗಳು ಗ್ರಾಂಟ್, ಸಾಲ ಮತ್ತು ಮನೆಯ ಉಳಿತಾಯವನ್ನು ತೋರಿಸಬೇಕು. ಅಲ್ಲಿ ಹೋಗಿ ದುಡಿದು ಕಟ್ಟುತ್ತೇನೆ ಎಂಬ ಉತ್ತರ ಓದಿನ ಉದ್ದೇಶದ ಬಗ್ಗೆಯೇ ಅನುಮಾನ ಹುಟ್ಟಿಸುತ್ತದೆ.

ದುಡಿಯುತ್ತಲೇ ಓದಬೇಕೆಂಬ ಮಗಳ ಹಂಬಲವನ್ನು ನಾನು ಗೌರವಿಸುತ್ತೇನೆ, ಅದಕ್ಕೆ ಅವಕಾಶವಿರುವ ಕಾಲೇಜುಗಳೂ ಇವೆ. ಕೆಂಟಕಿಯ ಬೆರಿಯಾ ಕಾಲೇಜು 1892ರಿಂದ ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳುತ್ತಿಲ್ಲ, ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕೆಲಸ ಮಾಡುತ್ತಾರೆ, ಕೆಲವೇ ವಿದೇಶಿ ವಿದ್ಯಾರ್ಥಿಗಳಿಗೂ ಪ್ರವೇಶವಿದೆ. ಅಲ್ಲಿ ಖರ್ಚನ್ನು ಹೊರುವುದು ವಿದ್ಯಾರ್ಥಿಯ ಸಂಬಳವಲ್ಲ, ಕಾಲೇಜಿನ ದತ್ತಿ ನಿಧಿ ಎಂಬುದನ್ನು ಮರೆಯಬಾರದು. ಮುಂದಿನ ವರ್ಷ ಅರ್ಜಿ ಹಾಕುವ ನಿಮ್ಮ ಊರಿನ ಮಕ್ಕಳಿಗೆ ಇದನ್ನು ತಿಳಿಸಿ.

ನಿಮ್ಮ ಮಗಳಿಗೆ ನನ್ನ ಸಲಹೆ ಖಾಸಗಿ ಕಾಲೇಜು, ನೆರವಿನ ಕಚೇರಿ ನಾಲ್ಕು ಪ್ರಶ್ನೆಗಳಿಗೆ ಇಮೇಲ್‌ನಲ್ಲಿ ಸಮಾಧಾನಕರ ಉತ್ತರ ಕೊಟ್ಟರೆ. ಶುಲ್ಕ ಏರಿದಂತೆ ಗ್ರಾಂಟೂ ಏರುತ್ತದೆಯೇ? ಕಡ್ಡಾಯ ಆರೋಗ್ಯ ವಿಮೆ ಒಟ್ಟು ವೆಚ್ಚದಲ್ಲಿ ಸೇರಿದೆಯೇ? ವಿದೇಶಿ ವಿದ್ಯಾರ್ಥಿಗೆ ಮೊದಲ ಸೆಮಿಸ್ಟರಿನಲ್ಲೇ ಕೆಲಸ ಖಚಿತವೇ, ಇಲ್ಲವೇ ತಾನೇ ಹುಡುಕಿಕೊಳ್ಳಬೇಕೇ? ಇಲ್ಲಿಯ ಯಾವುದಾದರೂ ಟ್ರಸ್ಟಿನಿಂದ ಸ್ಕಾಲರ್‌ಶಿಪ್ ಬಂದರೆ ಮೊದಲು ಕೆಲಸದ ಮೊತ್ತವನ್ನು ಇಳಿಸುತ್ತಾರೆಯೇ ಅಥವಾ ಗ್ರಾಂಟನ್ನೇ ಕಡಿತ ಮಾಡುತ್ತಾರೆಯೇ? ಪ್ರವೇಶ ಖಚಿತಪಡಿಸುವ ಮುಂಗಡವನ್ನು ಕಟ್ಟಲು ಹೆಚ್ಚಿನ ಕಾಲೇಜುಗಳಲ್ಲಿ ಮೇ 1 ಕೊನೆಯ ದಿನ. ಉತ್ತರ ಬರುವುದು ತಡವಾಗುವಂತಿದ್ದರೆ ಆ ದಿನಕ್ಕೆ ಮುಂಚೆಯೇ ಇನ್ನೊಂದು ವಾರದ ಗಡುವನ್ನು ಬರೆದು ಕೇಳಿ, ಲಿಖಿತ ಉತ್ತರ ಕೈಸೇರಿದ ಮೇಲೆ ಹಣ ಕಟ್ಟಿ.